ಅಪ್ಪನ ಧೋತರದ ಕೆಳಗೆ ತೆಗೆದ ಫೋಟೋ

ನನ್ನದು ಅಂತ ಒಂದೇ ಒಂದು ಚಂದದ ಫೋಟೋ ಇದೆ. ಅದನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಬೇರೆ ಹೆಂಗಸರು ತಮ್ಮ ಹರೆಯದ ಫೋಟೋ ಹಿಡಿದು, ‘ಹ್ಯಾಂಗಿದ್ದೆ ನೋಡು’ ಎಂದು ಕಣ್ಣೊರೆಸಿಕೊಳ್ಳುವುದನ್ನು ಕಂಡರೆ ಮೈ ಉರಿಯುತ್ತದೆ. ಅವರು ಹಾಗೆ ಇದ್ದವರು, ಅದಕ್ಕೇ ಅಳುತ್ತಾರೆ. ನಾನು ಆ ಫೋಟೋದಲ್ಲಿರುವ ಹಾಗೆ ಒಂದು ದಿನವೂ ಇರಲಿಲ್ಲ. ನಾನು ಏನಂತ ಅಳಲಿ?

ನಡೆಯಲು ಕಲಿತ ಹೊಸತರಲ್ಲಿ ನನಗೆ ಸಿಡುಬು ಬಂದಿತ್ತು. ನಮ್ಮ ವಿಜಾಪುರದ ಕಡೆ ‘ದೇವಿ ಬಂದಾಳ’ ಅನ್ನುತ್ತಾರೆ. ಬಂದ ದೇವಿ ಹೋಗುವಾಗ ಕೆನ್ನೆ, ಹಣೆ, ಮೂಗಿನ ತುದಿ, ಎಲ್ಲ ಕಡೆ ಕುಳಿ ಬಿಟ್ಟು ಹೋದಳು. ಆಮೇಲೆ ಅಪ್ಪನಿಗೆ ಮುಂಬಯಿ ಬಂದರಿನಲ್ಲಿ ಕೆಲಸ ಸಿಕ್ಕಿ ನಾವೆಲ್ಲ ಆಂಟಾಪ್ ಹಿಲ್‌ನ ಒಂದು ಚಾಳಿಗೆ ಬಂದೆವು. ಚಾಳಿನಲ್ಲಿ ನನ್ನ ಮುಖದ ಗೊಡವೆ ಯಾರಿಗೂ ಇರಲಿಲ್ಲ. ನಲ್ಲಿಯ ಪಾಳಿಯಲ್ಲಿ ನನ್ನ ಕೊಡ ಯಾರ ಕೊಡಕ್ಕಿಂತ ಮುಂದಿದೆ ಅನ್ನುವುದಷ್ಟೇ ಅವರ ಚಿಂತೆ. ಅದೂ ಅಲ್ಲದೆ ನನ್ನ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ಮುಖದ ಮಾತು ಎದ್ದದ್ದು ಲಗ್ನದ ಮಾತು ಶುರುವಾದ ಮೇಲೆ.

ಲಗ್ನದ ಮಾತು ಅಂದರೆ ಆಗ ಫೋಟೋದ ಮಾತೇ. ಮುಂಬಯಿಯ ಹುಡುಗಿಯನ್ನು ನೋಡಲು ಬಾಗಲಕೋಟೆಯಿಂದಲೋ ಸೊಲ್ಲಾಪುರದಿಂದಲೋ ಸುಮ್ಮನೆ ಯಾರು ರೈಲು ಹತ್ತಿ ಬರುತ್ತಾರೆ? ಮೊದಲು ಫೋಟೋ ಹೋಗಬೇಕು. ಅದು ಮನಸ್ಸಿಗೆ ಬಂದರೆ ಜನ ಬರುತ್ತಾರೆ, ಬರದಿದ್ದರೆ ಫೋಟೋ ಟಪಾಲಿನಲ್ಲಿ ವಾಪಸ್ ಬರುತ್ತದೆ. ನನ್ನ ಫೋಟೋಗಳು ವಾಪಸ್ ಬರುತ್ತಿದ್ದವು. ಪೋಸ್ಟ್‌ಮನ್ ಲಕೋಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಒಳಗೆ ದಪ್ಪ ಕಾಗದವಿದೆ ಅಂತ ತಿಳಿದರೆ, ನನ್ನ ಕೈಗೆ ಕೊಡದೆ ಅವ್ವನನ್ನು ಕರೆದು ಕೊಡುತ್ತಿದ್ದ. ಅವನ ಆ ಕರುಣೆಗೆ ಬೆಂಕಿ ಹಚ್ಚಬೇಕು ಅನ್ನಿಸುತ್ತಿತ್ತು.

ನನ್ನ ಅಣ್ಣ ದಾದರಿನ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ವಾಪಸ್ ಬಂದ ಫೋಟೋಗಳನ್ನೆಲ್ಲ ಅಲ್ಲೇ ತೆಗೆಸಿದ್ದು, ಅವನ ಮಾಲೀಕ ಮುಖಕ್ಕೆ ನೇರವಾಗಿ ಫ್ಲ್ಯಾಶ್ ಹೊಡೆದು ತೆಗೆದಿದ್ದು. ನೇರ ಫ್ಲ್ಯಾಶ್ ಬಿದ್ದರೆ ಹಣೆ ಎಣ್ಣೆ ಸುರಿದ ಹಾಗೆ ಹೊಳೆಯುತ್ತದೆ, ಒಂದೊಂದು ಕುಳಿಯ ಅಂಚೂ ಬೆಳ್ಳಗೆ ಎದ್ದು ನಿಲ್ಲುತ್ತದೆ, ಹಿಂದಿನ ಗೋಡೆಯ ಮೇಲೆ ಕರೀ ನೆರಳು ಬೀಳುತ್ತದೆ. ಅಂಥ ಮುಖಗಳನ್ನು ರಿಪೇರಿ ಮಾಡಲು ಆ ಸ್ಟುಡಿಯೋದಲ್ಲಿ ಒಬ್ಬ ಮುದುಕನಿದ್ದ. ಚೂಪು ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ಗೀಚಿ ಗೀಚಿ ಕಲೆ, ಸುಕ್ಕು ಎಲ್ಲ ಮಾಯ ಮಾಡುವುದೇ ಅವನ ಉದ್ಯೋಗ. ಒಮ್ಮೆ ಅವ್ವ, “ಆ ಮುತ್ಯಾನ ಕಡೆ ಕೊಟ್ಟು ಸ್ವಲ್ಪ ತಿದ್ದಸೋ” ಅಂದಳು. ಅಣ್ಣ ಸಿಡಿದುಬಿದ್ದ.

“ಪೆನ್ಸಿಲ್ ಅಂದ್ರ ಸುಳ್ಳು, ಅವ್ವಾ. ನನ್ನ ತಂಗಿ ಮಾರಿ ಮ್ಯಾಲ ಸುಳ್ಳ ಬರಸಂಗಿಲ್ಲ ನಾ.”

“ಬರಸಬ್ಯಾಡಪಾ,” ಅಂದೆ ನಾನು, “ದೇವಿ ಬರದದ್ದ ರಗಡ ಆಗೈತಿ.”

ಅವನಿಗೆ ಬೇರೆ ಹುಚ್ಚು ಹಿಡಿದಿತ್ತು. ಫೋರ್ಟ್ ಪೇಟೆಯ ಫುಟ್‌ಪಾತಿನಲ್ಲಿ ಸಿಕ್ಕ ಯಾವುದೋ ಹಳೇ ವಿಲಾಯತಿ ಮಾಸಿಕದಲ್ಲಿ ಅವನು ಬೌನ್ಸ್ ಅನ್ನುವುದನ್ನು ಓದಿದ್ದ. ಫ್ಲ್ಯಾಶನ್ನು ಮುಖಕ್ಕೆ ಹಿಡಿಯಬಾರದು, ಮೇಲೆ ಛಾವಣಿಗೆ ಹಿಡಿಯಬೇಕು. ಬೆಳಕು ಮೇಲೆ ಹೋಗಿ, ಬಿಳಿ ಛಾವಣಿಗೆ ಬಡಿದು, ಅಗಲವಾಗಿ ಹರಡಿ, ಮೆತ್ತಗಾಗಿ ಕೆಳಗಿಳಿಯುತ್ತದೆ. ಆಗ ನೆರಳಿಗೆ ಅಂಚೇ ಇರುವುದಿಲ್ಲ. ಊಟಕ್ಕೆ ಕೂತಾಗಲೂ ಅವನದು ಇದೇ ಪುರಾಣ. ರೊಟ್ಟಿ ಮುರಿಯುತ್ತಾ ಛಾವಣಿ ನೋಡುತ್ತಿದ್ದ. ನಮ್ಮ ಖೋಲಿಯ ಛಾವಣಿಯೋ, ಹಳೇ ಹಲಗೆಯದು. ಎಷ್ಟೋ ವರ್ಷದ ಸ್ಟೌ ಹೊಗೆ ಕುಡಿದು ಕರ್ರಗಾಗಿತ್ತು. “ಈ ಛತ್ ಬೆಳಕ ನುಂಗತೈತಿ, ವಾಪಸ್ ಕೊಡೂದಿಲ್ಲ” ಎಂದು ಗೊಣಗುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ, ಅಪ್ಪ ಹಬ್ಬಕ್ಕೆ ಮಠಕ್ಕೆ ಹೋಗುವಾಗ ಮಾತ್ರ ಉಡುತ್ತಿದ್ದ ತೆಳು ಬಿಳಿ ಮಲ್ಲಿನ ಧೋತರವನ್ನು ನಾಲ್ಕು ಪದರು ಮಾಡಿ, ಬಟ್ಟೆ ಒಣಹಾಕುವ ಹಗ್ಗಕ್ಕೂ ಕಿಟಕಿಯ ಸರಳಿಗೂ ಬಿಗಿದು, ಅಣ್ಣ ಛಾವಣಿಯ ಕೆಳಗೆ ಓರೆಯಾಗಿ ಕಟ್ಟಿದ್ದ. ಹೊರಗಿನಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ.

“ಏ, ನನ್ನ ಧೋತರಕ್ಕ ಇದೇನ್ ಗತಿ ತಂದೀಯೋ?”

“ಅಪ್ಪಾ, ನಿನ್ನ ಧೋತರ ಇವತ್ತ ಆಕಾಶ ಆಗೈತಿ. ಸುಮ್ನಿರು.”

ನನ್ನನ್ನು ಅದರ ಕೆಳಗೆ ಸ್ಟೂಲಿನ ಮೇಲೆ ಕೂರಿಸಿದ. ತೊಡೆಯ ಮೇಲೆ ಬಿಳಿ ಚಾದರ ಹಾಸಿದ. ಮೇಲಿನಿಂದ ಬಿದ್ದ ಬೆಳಕು ಅಲ್ಲಿ ಬಡಿದು ಮತ್ತೆ ಗದ್ದದ ಕೆಳಗೆ, ಕಣ್ಣಿನ ಗುಂಡಿಗೆ ಏರಬೇಕಂತೆ. ಅವನ ಫ್ಲ್ಯಾಶ್ ಹಳೆಯದು, ತಲೆ ತಿರುಗುತ್ತಿರಲಿಲ್ಲ. ಅದನ್ನು ಕ್ಯಾಮೆರಾದಿಂದ ಬಿಚ್ಚಿ, ವೈರ್ ಎಳೆದು, ಎಡಗೈಯಲ್ಲಿ ಎತ್ತಿ ಧೋತರದ ಕಡೆಗೆ ಹಿಡಿದ. ನಗು ಅಂದ. ನಗುವುದಿಲ್ಲ ಅಂದೆ. ಬೇಡ ಹಾಗಾದರೆ, ಸಿಟ್ಟಾದರೂ ಇಳಿಸು ಅಂದ. ಸ್ಟುಡಿಯೋದಲ್ಲಿ ಫ್ಲ್ಯಾಶ್ ಹೊಡೆದಾಗಲೆಲ್ಲ ನನ್ನ ಕಣ್ಣು ಮುಚ್ಚಿಹೋಗುತ್ತಿತ್ತು, ಯಾರೋ ಕಪಾಳಕ್ಕೆ ಕೈ ಎತ್ತಿದ ಹಾಗೆ. ಈ ಸಲ ಮುಚ್ಚಲಿಲ್ಲ. ಬೆಳಕು ಮೇಲಿನಿಂದ ಇಳಿದು ಬಂತು, ನನ್ನ ಮೈಮೇಲೆ ನಿಂತು, ಹೋಯಿತು. ನನಗೆ ಆ ಕ್ಷಣ ಬಹಳ ಹಾಯೆನಿಸಿತು.

ಫೋಟೋ ಬಂತು. ಕುಳಿಗಳು ಇದ್ದವು, ಹುಡುಕಿದರೆ ಸಿಗುತ್ತಿದ್ದವು. ಆದರೆ ಹುಡುಕಬೇಕು ಅಂತ ಯಾರಿಗೂ ಅನ್ನಿಸದ ಹಾಗೆ ಇತ್ತು ಆ ಮುಖ. ಕೆನ್ನೆಯ ಮೇಲೆ ಬೆಳಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಕಣ್ಣುಗಳು ಶಾಂತವಾಗಿದ್ದವು; ನನ್ನ ಕಣ್ಣಿಗೂ ಶಾಂತಿಗೂ ಏನು ಸಂಬಂಧ! ಅವ್ವ ಫೋಟೋವನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು. ಎಲ್ಲರೂ ಹೊರಗೆ ಹೋದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಮುಟ್ಟಿದರೆ ನುಣ್ಣಗಿತ್ತು. ಇನ್ನೊಂದು ಕೈಯಿಂದ ನನ್ನ ಕೆನ್ನೆ ಮುಟ್ಟಿಕೊಂಡೆ, ಆಮೇಲೆ ಎದ್ದು ಅಕ್ಕಿ ಆರಿಸಲು ಕೂತೆ.

ಆ ಫೋಟೋ ಸೊಲ್ಲಾಪುರಕ್ಕೆ ಹೋಯಿತು, ನನ್ನ ಸೋದರತ್ತೆಯ ಮೂಲಕ. ಹುಡುಗ ಗಿರಣಿಯೊಂದರಲ್ಲಿ ಕಾರಕೂನ. ಈ ಸಲ ದಪ್ಪ ಲಕೋಟೆ ವಾಪಸ್ ಬರಲಿಲ್ಲ. ತೆಳ್ಳಗಿನ ಕಾರ್ಡು ಬಂತು, ಮೂಲೆಗೆ ಅರಿಶಿನ ಹಚ್ಚಿದ್ದು. ಪೋಸ್ಟ್‌ಮನ್ ಅದನ್ನು ನನ್ನ ಕೈಗೇ ಕೊಟ್ಟು ನಕ್ಕ. ಅತ್ತೆ ಬಂದು ಹೇಳಿದ ಸುದ್ದಿ ಇನ್ನೂ ದೊಡ್ಡದು: ಹುಡುಗ ಫೋಟೋ ಯಾರಿಗೂ ಕೊಡುವುದಿಲ್ಲವಂತೆ, ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಓಡಾಡುತ್ತಾನಂತೆ.

“ಅತ್ತೀ, ಮಾರಿ ಮ್ಯಾಲ ಕಲಿ ಅದಾವಂತ ಹೇಳೀಯಿಲ್ಲೋ?” ಎಂದು ಕೇಳಿದೆ.

“ಹೇಳೀನವ್ವಾ. ಸ್ವಲ್ಪ ಅದಾವ ಅಂದೀನಿ.”

ಸ್ವಲ್ಪ! ಉಳಿದದ್ದನ್ನು ಫೋಟೋ ಹೇಳಿತ್ತು. ನಾನು ಅಲ್ಲಿಗೇ ಬಿಡಬಾರದಿತ್ತು, ಆದರೆ ಬಿಟ್ಟೆ, ಯಾಕೆಂದರೆ ಅಷ್ಟರಲ್ಲಿ ನನಗೂ ಆಸೆ ಹುಟ್ಟಿತ್ತು. ಯಾರದೋ ಕಿಸೆಯಲ್ಲಿ ನನ್ನ ಮುಖ ಇದೆ ಅನ್ನುವುದು ಸಣ್ಣ ಮಾತಲ್ಲ. ನೀರು ತುಂಬುವಾಗ, ಬಟ್ಟೆ ಒಗೆಯುವಾಗ, ಲೋಕಲ್‌ನಲ್ಲಿ ನೂಕುನುಗ್ಗಲಲ್ಲಿ ನಿಂತಾಗ, ಆ ಕಿಸೆಯದೇ ಧ್ಯಾನ. ನಲ್ಲಿಯ ಹತ್ತಿರ ಜಗಳ ಬಿಟ್ಟೆ. ಪಕ್ಕದ ಖೋಲಿಯ ತಮಿಳು ಹೆಂಗಸು ನನಗೆ ಮೈ ಹುಷಾರಿಲ್ಲವೇನೋ ಅಂದುಕೊಂಡು ಅವ್ವನನ್ನು ವಿಚಾರಿಸಿದಳು.

ಅವರು ನನ್ನನ್ನು ನೋಡಲು ಬರುವ ದಿನ ಅಣ್ಣ ಮಾಡಿದ ಕೆಲಸವನ್ನು ಬೇರೆ ಯಾರ ಅಣ್ಣನೂ ಮಾಡಿರಲಿಕ್ಕಿಲ್ಲ. ಧೋತರವನ್ನು ಮತ್ತೆ ಕಟ್ಟಿದ. ಸ್ಟುಡಿಯೋದಿಂದ ದೊಡ್ಡ ದೀಪ ತಂದು, ಅಕ್ಕಿ ಡಬ್ಬಿಯ ಹಿಂದೆ ಮರೆಮಾಡಿ, ಅದರ ಮೋರೆ ಧೋತರದ ಕಡೆ ತಿರುಗಿಸಿದ. ಪಡುವಣದ ಕಿಟಕಿ ಮುಚ್ಚಿ ಮೇಲೆ ಕಂಬಳಿ ಇಳಿಬಿಟ್ಟ. ಟೇಬಲ್ ಫ್ಯಾನು ಹಾಕುವ ಹಾಗಿಲ್ಲ, ಗಾಳಿಗೆ ಧೋತರ ಅಲುಗಿದರೆ ಬೆಳಕು ನಡುಗುತ್ತದೆ. ನನಗೆ ನಿಲ್ಲಬೇಕಾದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದ. “ಇಲ್ಲೇ ನಿಂದ್ರು. ಚಹಾ ಕೊಟ್ಟು ಹಿಂದ ಸರದು ಮತ್ತ ಇಲ್ಲೇ ಬಾ.”

“ಲಗ್ನ ಆದ ಮ್ಯಾಲ ಸೊಲ್ಲಾಪುರಕ್ಕೂ ಬಂದು ಧೋತರ ಕಟ್ಟತೀಯೇನು?” ಎಂದೆ.

“ಮೊದಲ ನೋಡ್ಲಿ. ಒಮ್ಮೆ ಮನಸಿಗೆ ಬಂದ್ರ ಮುಂದ ಯಾರೂ ಕುಳಿ ಎಣಸೂದಿಲ್ಲ” ಅಂದ. ಅವನು ಅದನ್ನು ನಂಬಿದ್ದ. ನಾನೂ ನಂಬಿ ಸೀಮೆಸುಣ್ಣದ ಗುರುತಿನ ಮೇಲೆ ನಿಂತೆ.

ಹುಡುಗ, ಅವನ ಅವ್ವ, ಅವನ ಕಾಕಾ ಬಂದರು. ಬಿಸಿಲು ಇಳಿಯುವ ಹೊತ್ತು, ಆದರೂ ಮೇ ತಿಂಗಳ ಸೆಕೆ. ಮುಚ್ಚಿದ ಖೋಲಿ, ಉರಿಯುವ ದೀಪ, ಏಳೆಂಟು ಜನ. ಕಾಕಾ ಮೇಲೆ ನೋಡಿ, “ಇದೇನ್ರೀ, ಈಗಲೇ ಹಂದರ ಹಾಕಿಬಿಟ್ಟೀರಿ?” ಎಂದು ನಗಾಡಿದ. ಎಲ್ಲರೂ ನಕ್ಕರು. ನಾನು ಶಿರಾ ಕೊಟ್ಟೆ, ಗುರುತಿಗೆ ಬಂದು ನಿಂತೆ. ಹುಡುಗ ತಲೆಯೆತ್ತಿ ನೋಡಿದ. ಅವನು ನೋಡಿದ ರೀತಿ ಈಗಲೂ ನೆನಪಿದೆ. ಪರಿಚಯದವರನ್ನು ಬಹಳ ದಿನದ ಮೇಲೆ ನೋಡಿದವರ ಹಾಗೆ ಮುಖ ಅರಳಿತ್ತು. ಜನ್ಮದಲ್ಲಿ ನನ್ನನ್ನು ಹಾಗೆ ನೋಡಿದವನು ಅವನೊಬ್ಬನೇ.

ನಾನು ಚಹಾ ತರಲು ಸ್ಟೌ ಕಡೆ ತಿರುಗಿದಾಗ ಅವನ ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, “ಯವ್ವಾ, ಜೀವ ಹೋಗಾಕತ್ತೈತಿ, ಆ ಕಿಡಕಿಯಾರ ತಗೀರಿ” ಎಂದಳು. ಅಣ್ಣ ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಅಪ್ಪ, ಪಾಪ, ಮರ್ಯಾದೆಯ ಮನುಷ್ಯ, ಬೀಗರಿಗೆ ಸೆಕೆಯಾಯಿತಲ್ಲ ಅಂತ ಎದ್ದು ಹೋಗಿ ಕಂಬಳಿ ಸರಿಸಿ ಕಿಟಕಿ ತೆರೆದ. ನಾನು ಚಹಾದ ತಟ್ಟೆ ಹಿಡಿದು ತಿರುಗಿದೆ. ಇಳಿಬಿಸಿಲು ಅಡ್ಡಡ್ಡವಾಗಿ ನನ್ನ ಮುಖಕ್ಕೆ ಬಿತ್ತು. ಅಡ್ಡ ಬಿಸಿಲಿನಲ್ಲಿ ಒಂದೊಂದು ಕುಳಿಯೊಳಗೂ ಒಂದೊಂದು ನೆರಳು ಕೂರುತ್ತದೆ.

ಹುಡುಗ ಕಿಸೆಯಿಂದ ಫೋಟೋ ತೆಗೆದು ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಕಾಕಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಹೇಳಿದ: “ಪೆನ್ಸಿಲ್ ಕೆಲಸ. ತಿದ್ದಿಸಿ ಕಳಿಸೀರಿ. ನಮಗೂ ಗೊತ್ತಾಗ್ತೈತ್ರಿ ಇದೆಲ್ಲಾ.”

ಅಷ್ಟು ಹೇಳಿ ಅವನು ಸುಮ್ಮನಿದ್ದರೆ, ಅಥವಾ ನನ್ನ ಅಣ್ಣ ಸುಮ್ಮನಿದ್ದರೆ, ಏನಾಗುತ್ತಿತ್ತೋ. ಹುಡುಗ ಇನ್ನೂ ಎದ್ದಿರಲಿಲ್ಲ. ಅವನು ಏನೋ ಹೇಳುವವನಿದ್ದ, ಅವನ ತುಟಿ ಅಲುಗಿದ್ದನ್ನು ನಾನು ಕಂಡಿದ್ದೇನೆ. ಆದರೆ ಪೆನ್ಸಿಲ್ ಅನ್ನುವ ಮಾತು ಕೇಳಿ ಅಣ್ಣನ ಮೈಮೇಲೆ ಬಂತು. “ಕಾಕಾ, ಆ ಮಾತ ಮಾತ್ರ ಅನಬ್ಯಾಡ್ರಿ!” ಎಂದು ಕಪಾಟಿಗೆ ಹೋಗಿ ತಗಡಿನ ಡಬ್ಬಿ ತೆಗೆದು, ನನ್ನ ನೆಗೆಟಿವ್ ಹೊರತೆಗೆದ. ಅದನ್ನು ತೆರೆದ ಕಿಟಕಿಯ ಬಿಸಿಲಿಗೆ ಹಿಡಿದ. “ನೋಡ್ರಿ. ಒಂದ ಗೆರಿ, ಒಂದ ಚುಕ್ಕಿ ಪೆನ್ಸಿಲ್ ಇದ್ರ ತೋರಸ್ರಿ, ನಾ ಈ ಉದ್ಯೋಗ ಬಿಡತೀನಿ.”

ಕಾಕಾ ಕನ್ನಡಕ ಏರಿಸಿ ನೋಡಿದ. ಹುಡುಗನ ಅವ್ವ ನೋಡಿದಳು. ಅಪ್ಪನೂ ಹೋಗಿ ನೋಡಿದ, ಅವನಿಗೆ ಏನು ತಿಳಿಯಿತೋ ದೇವರೇ ಬಲ್ಲ. ಅಣ್ಣ ಧೋತರ ತೋರಿಸಿ, ದೀಪ ತೋರಿಸಿ, ಬೆಳಕು ಹೇಗೆ ಮೇಲೆ ಹೋಗುತ್ತದೆ, ಹೇಗೆ ಹರಡುತ್ತದೆ, ಹೇಗೆ ಇಳಿಯುತ್ತದೆ ಎಂದು ಹೇಳಿದ್ದೇ ಹೇಳಿದ್ದು. ಎಲ್ಲರೂ ಕಿಟಕಿಯ ಹತ್ತಿರ ಗುಂಪಾಗಿ, ಕಪ್ಪು ಮುಖ, ಬಿಳಿ ಕೂದಲಿನ ಆ ಪುಟ್ಟ ನೆಗೆಟಿವನ್ನು ಕೈಯಿಂದ ಕೈಗೆ ದಾಟಿಸಿದರು. ನಾನು ಹಿಂದೆ ತಟ್ಟೆ ಹಿಡಿದು ನಿಂತೇ ಇದ್ದೆ. ಚಹಾ ಆರಿತು, ಕೆನೆಗಟ್ಟಿತು. ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಕಾಕಾ ಕನ್ನಡಕ ಇಳಿಸಿ, ಅಣ್ಣನ ಬೆನ್ನು ತಟ್ಟಿದ.

“ಹೌದಪಾ ತಮ್ಮಾ, ತಪ್ಪಾತು. ಫೋಟೋದಾಗ ಏನೂ ಮೋಸ ಇಲ್ಲ.”

ಅಣ್ಣ ಗೆದ್ದುಬಿಟ್ಟ. ಅವನ ಮುಖ ಹಿಗ್ಗಿನಿಂದ ಕೆಂಪಾಗಿತ್ತು. ಫೋಟೋದಲ್ಲಿ ಮೋಸ ಇಲ್ಲ ಅಂದ ಮೇಲೆ ಮೋಸ ಎಲ್ಲಿದೆ? ಉಳಿದದ್ದು ನನ್ನ ಮುಖ ಒಂದೇ. ಅವರು ಚಹಾ ಕುಡಿಯದೆ, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದರು. ಬಾಗಿಲು ದಾಟುವಾಗ ಹುಡುಗ ಫೋಟೋವನ್ನು ಕಾಕಾನ ಕೈಯಿಂದ ಇಸಕೊಂಡು ಮತ್ತೆ ಕಿಸೆಗೆ ಹಾಕಿಕೊಂಡದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿ ತಲೆ ತಗ್ಗಿಸಿದ. ಮುಂದೆ ‘ಆಗೂದಿಲ್ಲ’ ಅಂತ ಕಾರ್ಡು ಬಂತು. ಫೋಟೋ ಮಾತ್ರ ಬರಲಿಲ್ಲ. ನಾನು ಬೇಡವಾದೆ, ಅದು ಬೇಕಾಯಿತು.

ಆವತ್ತು ಸಂಜೆ ಧೋತರ ಬಿಚ್ಚುವಾಗ ಅಣ್ಣನಿಗೆ ತಾನು ಮಾಡಿದ್ದು ತಿಳಿಯಿತು. ಏಣಿಯ ಮೇಲೆ ಹಾಗೇ ಕೂತ. ನಾನು ಬೈಯಬೇಕಿತ್ತು, ನನ್ನಂಥ ಬಾಯಿ ಇದ್ದವಳು. ಅವನ ಕೈಯಿಂದ ಧೋತರ ತೆಗೆದುಕೊಂಡು ಮಡಚಿ ಅಪ್ಪನ ಟ್ರಂಕಿನಲ್ಲಿಟ್ಟೆ. ಆಮೇಲೆ ನನ್ನ ಫೋಟೋ ಎಲ್ಲಿಗೂ ಹೋಗಲು ನಾನು ಬಿಡಲಿಲ್ಲ. ಅವ್ವ ಅತ್ತು ಕರೆದಳು, ಉಪವಾಸ ಕೂತಳು, ಕೊನೆಗೆ ಸುಮ್ಮನಾದಳು. ಮನೆಯಲ್ಲಿ ಲಗ್ನ ಅನ್ನುವ ಶಬ್ದವೇ ನಿಂತುಹೋಯಿತು.

ಎಪ್ಪತ್ತರ ದಶಕದ ಕಡೆಯ ಹೊತ್ತಿಗೆ ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ಅಣ್ಣ ಬೊರಿವಲಿಯಲ್ಲಿ ಸ್ವಂತ ಸ್ಟುಡಿಯೋ ಹಾಕಿ, ಅಲ್ಲೇ ಹತ್ತಿರ ಮನೆ ಹಿಡಿದಿದ್ದ. ಅವನಿಗೆ ಹೆಂಡತಿ ಮಕ್ಕಳಾಗಿದ್ದರು. ನಾನು ಅವನ ಮನೆಯಲ್ಲೇ ಇದ್ದುಕೊಂಡು ಸ್ಟುಡಿಯೋದ ಕೌಂಟರಿನಲ್ಲಿ ಕೂರುತ್ತಿದ್ದೆ. ಛಾವಣಿಗೆ ಹಾಲಿನಂಥ ಬಿಳಿ ಬಣ್ಣ ಬಳಿಸಿದ್ದ, ತಲೆ ತಿರುಗುವ ಹೊಸ ಫ್ಲ್ಯಾಶ್ ಕೊಂಡಿದ್ದ. ಬೌನ್ಸ್ ಫೋಟೋ ಅಂದರೆ ಅವನದೇ ಅಂತ ಹೆಸರಾಗಿತ್ತು. ಮತ್ತು ಹೊರಗಿನ ಗಾಜಿನ ಶೋಕೇಸಿನಲ್ಲಿ, ನಟ್ಟನಡುವೆ, ದೊಡ್ಡದಾಗಿ ಮಾಡಿಸಿದ ಆ ಧೋತರದ ಕೆಳಗಿನ ಫೋಟೋ.

ತೆಗೆ ಅಂದೆ. ಎಷ್ಟು ಸಲ ಅಂದೆನೋ. “ನನ್ನ ಕೈಯಾಗ ಆದ ಅಗದೀ ಒಳ್ಳೆ ಕೆಲಸ ಅದು, ತಂಗೀ” ಅನ್ನುತ್ತಿದ್ದ. ಗುಜರಾತಿ ಹುಡುಗಿಯರು, ಮರಾಠಿ ಹುಡುಗಿಯರು, ನಮ್ಮವರು, ಎಲ್ಲರೂ ಆ ಫೋಟೋಗೆ ಬೆರಳು ತೋರಿಸಿ, ನನಗೇ, ಕೌಂಟರಿನ ಈಚೆ ಕೂತ ನನಗೇ, “ಐಸಾ ಚಾಹಿಯೇ” ಅನ್ನುತ್ತಿದ್ದರು. ಒಬ್ಬಳಿಗೂ ಗುರುತು ಸಿಗಲಿಲ್ಲ. ಎಷ್ಟೋ ಜನರಿಗೆ ಲಗ್ನವಾಯಿತು. ಲಗ್ನದ ಫೋಟೋಗಳಿಗೂ ಇಲ್ಲಿಗೇ ಬಂದರು, ಪೇಢೆ ಕೊಟ್ಟರು.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನೇ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು, “ಒಂದ ಫೋಟೋ ತಗಿ. ನೇರ ಹೊಡಿ” ಅಂದೆ. ಅಣ್ಣ ಕ್ಯಾಮೆರಾ ಎತ್ತಿದ. ಎತ್ತಿದವನು ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿದ. “ನೇರ ಅಂದೆ” ಅಂದೆ. ಮತ್ತೆ ಕೆಳಗೆ ತಂದ, ಮತ್ತೆ ತಿರುಗಿಸಿದ. ಆಮೇಲೆ ಕ್ಯಾಮೆರಾ ಕೆಳಗಿಟ್ಟ.

“ಕೈ ಬರವೊಲ್ಲದು, ತಂಗೀ.”

“ಅಂದ್ರ ನಿನಗೂ ನನ್ನ ಮಾರಿ ನೋಡಾಕ ಆಗೂದಿಲ್ಲ.”

ಅವನು ಡಾರ್ಕ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಬಂದು ಕೌಂಟರಿನಲ್ಲಿ ಕೂತೆ. ಆ ಸ್ಟುಡಿಯೋದಲ್ಲಿ ದಿನವಿಡೀ ಜನರ ಮುಖ ತೆಗೆಯುತ್ತಿದ್ದರು, ನನ್ನದೊಂದು ಬಿಟ್ಟು.

ಅದಾಗಿ ಸ್ವಲ್ಪ ದಿನಕ್ಕೆ ಹುಬ್ಬಳ್ಳಿ ಕಡೆಯ ಒಬ್ಬ ಹೆಂಗಸು ಬಂದಳು. ಮಗನಿಗೆ ಹೆಣ್ಣು ಹುಡುಕುತ್ತಿದ್ದಳಂತೆ. ಅವನ ಫೋಟೋ ತೆಗೆಸುವುದರ ಬಗ್ಗೆ ವಿಚಾರಿಸಿ, ನಾವು ಕನ್ನಡದವರು ಅಂತ ತಿಳಿದು ಹಿಗ್ಗಿ, ಶೋಕೇಸಿನ ಕಡೆ ಕೈ ಮಾಡಿದಳು.

“ಅಕ್ಕಾರ, ಈ ಹುಡುಗಿ ಯಾರ್ರೀ? ನಮ್ಮ ಮಂದಿ ಇದ್ದಂಗ ಕಾಣ್ತಾಳ. ಎಷ್ಟ ಶಾಂತ ಮಾರಿ ಐತ್ರಿ. ಲಗ್ನ ಆಗೈತೇನು?”

ನನ್ನ ಮುಖದ ಎದುರಿಗೇ ನಿಂತು ಕೇಳಿದಳು. ಅಣ್ಣ ಅಲ್ಲೇ ಪ್ರಿಂಟು ಕತ್ತರಿಸುತ್ತಿದ್ದ. ಅವನು ತಲೆಯೆತ್ತಿದ. ಈಗ ಹೇಳುತ್ತಾನೆ ಅಂದುಕೊಂಡೆ: ಇವಳೇ ನನ್ನ ತಂಗಿ, ಇಲ್ಲೇ ಕೂತಿದ್ದಾಳಲ್ಲ. ಒಂದೇ ಮಾತು. ಅವನು ಒಮ್ಮೆ ಅವಳನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

“ಆಕಿ ಈಗ ಇಲ್ರಿ” ಅಂದ.

“ಅಯ್ಯ ಶಿವನೇ!” ಆ ಹೆಂಗಸು ಲೊಚಗುಟ್ಟಿದಳು. “ಎಂಥಾ ಹುಡುಗಿ! ಪಾಪ, ಹಡದಾಕಿ ಹ್ಯಾಂಗ ತಡಕೊಂಡಾಳೋ.” ನಿಜವಾಗಿಯೂ ಅವಳ ಕಣ್ಣಲ್ಲಿ ನೀರು ಬಂದಿತ್ತು. ನನಗೆ ಬರಲಿಲ್ಲ. ರಸೀದಿ ಬರೆದು ಕೊಟ್ಟೆ.

ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಹೊರಗೆ ಚೆಂಡುಹೂವಿನ ಹಾರ ಕೊಂಡು, ಶೋಕೇಸು ತೆರೆದು, ಆ ಫೋಟೋಗೆ ಹಾಕಿದೆ. ಅಣ್ಣ ಬಂದು ನೋಡಿ, “ಏನಿದು?” ಅಂದ. “ನೀನ ಹೇಳಿದೆಲ್ಲಾ, ಆಕಿ ಇಲ್ಲಂತ” ಅಂದೆ. ಹಾರ ಹಾಕಿದ ಫೋಟೋ ಬಾಗಿಲಲ್ಲಿಟ್ಟರೆ ಲಗ್ನದ ಗಿರಾಕಿ ಒಬ್ಬರೂ ಮೆಟ್ಟಿಲು ಹತ್ತುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾರ ತೆಗೆಯಲು ಕೈ ಎತ್ತಿದ, ಆಗಲಿಲ್ಲ. ಕೊನೆಗೆ ಹಾರದ ಸಮೇತ ಫೋಟೋ ಕೆಳಗಿಳಿಸಿ ಮನೆಗೆ ತಂದ. ಎಲ್ಲಿಡಬೇಕೋ ತಿಳಿಯದೆ ಎಲ್ಲ ಗೋಡೆಗಳ ಮುಂದೆ ನಿಂತು ನೋಡಿ, ಅಪ್ಪ ಅವ್ವನ ಫೋಟೋಗಳ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದ.

ಈಗಲೂ ಅಲ್ಲೇ ಇದೆ. ಹೂವು ಒಣಗಿದರೆ ಬದಲಿಸುವವಳು ನಾನೇ. ಬೆಳಿಗ್ಗೆ ಸ್ನಾನವಾದ ಮೇಲೆ ಮೂರೂ ಫೋಟೋಗಳಿಗೆ ಊದಿನಕಡ್ಡಿ ಹಚ್ಚುತ್ತೇನೆ.